ಗಿಡ್ಡಪ್ಪನ ಬೆಳಗಿನ ಗುಳಿಗೆ

ಮೌನೇಶ್ವರಿಯ ಮದುವೆ ಜಂಪರಿನ ಎರಡೂ ತೋಳುಗಳ ಬಾಯಿ ಹೊಲಿದು ಮುಚ್ಚಿದ ಮೇಲೆಯೇ ದರ್ಜಿ ಗಿಡ್ಡಪ್ಪನಿಗೆ ಎಚ್ಚರವಾದದ್ದು.

"ಕಾಕಾ, ಇದನ್ನ ತೊಟ್ಕೊಳ್ಳಲೋ, ಇದ್ರಾಗ ಜ್ವಾಳ ತುಂಬಿಡಲೋ?" ಎಂದು ಅವಳು ಕೇಳಿದಾಗ ಮಸ್ಕಿಯ ಆ ಓಣಿಯೆಲ್ಲ ನಕ್ಕಿತು.

ಗಿಡ್ಡಪ್ಪ ನಗಲಿಲ್ಲ. ವರ್ಷದ ಹಿಂದೆ, ಕ್ಯಾನ್ಸರಿನ ಗಂಟೆಂದು ಅವನ ಕೊರಳಿನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರು. ಅಂದಿನಿಂದ ಬರಿಹೊಟ್ಟೆಯಲ್ಲಿ ನುಂಗುವ ಪುಟ್ಟ ಬಿಳಿ ಗುಳಿಗೆಯೇ ಅವನ ಪಾಲಿನ ಸೂರ್ಯೋದಯ. ಒಂದು ದಿನವೂ ತಪ್ಪಿಸಿದವನಲ್ಲ. ಆದರೂ ಮೂರು ತಿಂಗಳಿಂದ ದಣಿವು, ಗದ್ದೆಗೆ ಬಿಟ್ಟ ಕಾಲುವೆ ನೀರಿನಂತೆ, ಸದ್ದಿಲ್ಲದೆ ಮೈಯನ್ನೆಲ್ಲ ತುಂಬುತ್ತಿತ್ತು. ಇನ್ನೊಂದು ಜಂಪರು ಕೆಟ್ಟರೆ ಗಿರಾಕಿಗಳು ಈ ಕಡೆ ತಲೆಹಾಕುವುದಿಲ್ಲ.

ಸಿಂಧನೂರಿನ ಡಾಕ್ಟರನ್ನು ಕಾಣಲು ಬಸ್ಸು ಹತ್ತಿದ. ಕಿಟಕಿಯಾಚೆ ಭತ್ತದ ಹಸಿರು ತೂಗುತ್ತಿತ್ತು. ಅದು ಯಾರೋ ಹಾಸಿಟ್ಟ ಬಟ್ಟೆ, ತಾನು ಅದರ ಮೇಲೆ ಮೆಲ್ಲಗೆ ಸರಿಯುವ ಕತ್ತರಿ ಎನಿಸುತ್ತಿದ್ದಂತೆ ರೆಪ್ಪೆಗಳು ಮುಚ್ಚಿದವು.

"ಯಪ್ಪಾ, ಏಳ್ರಿ! ಸಿಂಧನೂರು ದಾಟಿ ಗೊರೇಬಾಳ ಬಂತು!" ಎಂದು ಕಂಡಕ್ಟರ್ ಅಲುಗಾಡಿಸಿದ. ಗಿಡ್ಡಪ್ಪ ಆಟೊ ಹಿಡಿದು ಹಿಂದಿರುಗಿದ.

ಡಾಕ್ಟರು ರಕ್ತದ ವರದಿ ನೋಡಿ ಹುಬ್ಬೇರಿಸಿದರು. "ನೀವು ಗುಳಿಗಿ ಬಿಡಾಕತ್ತೀರಿ."

"ಅಮರೇಶ್ವರನ ಆಣಿ ರೀ, ಒಂದಿನಾನೂ ಬಿಟ್ಟಿಲ್ಲ."

"ಬಾಟ್ಲಿ ಯಾರ ಕೈಯಾಗ ಇರ್ತೈತಿ?"

ಹೆಂಡತಿ ಆದಮ್ಮನಿಗೆ ಫೋನು ಹೋಯಿತು. ಅವಳ ದನಿಯಲ್ಲಿ ಅಳುಕಿರಲಿಲ್ಲ.

"ಬಾಜೂಮನಿ ಖಾತೂನ್‌ಬೀಗೂ, ಎದುರುಮನಿ ಕನಕಮ್ಮಗೂ ಥೈರಾಯ್ಡ್ ಐತಲ್ರೀ. ತೀರಿದಾಗ ನಮ್ಮವು ಇಸ್ಕೊಂತಾರ, ತಂದಮ್ಯಾಗ ತಿರುಗಿ ಹಾಕ್ತಾರ. ಹೆಪ್ಪಿಗೆ ಮಜ್ಜಗಿ ಕೊಟ್ಟಂಗ! ಅವರ ಬಾಟ್ಲಿ ಮ್ಯಾಗ ಇಪ್ಪತ್ತೈದು ಅಂತ ಬರದೈತಿ, ನಮ್ಮದ್ರ ಮ್ಯಾಗ ನೂರಾ ಇಪ್ಪತ್ತೈದು. ನಮಗ ದುಬಾರಿ ಹಚ್ಯಾರ ಅನ್ಕೊಂಡಿದ್ನಿ."

"ಅದು ರೇಟಲ್ಲ ತಾಯಿ, ಔಷಧದ ಬಲ!" ಡಾಕ್ಟರು ಹಣೆ ಹಿಡಿದುಕೊಂಡರು. "ನೋಡಾಕ ಎಲ್ಲಾ ಒಂದ ಥರ ಇರ್ತಾವು."

ಖಾತೂನ್‌ಬೀ ಕೋಳಿ ಕೂಗುವ ಮೊದಲೇ ಓಣಿಯನ್ನೆಲ್ಲ ಗುಡಿಸಿಬಿಡುವ ಗುಟ್ಟು ಗಿಡ್ಡಪ್ಪನಿಗೆ ಈಗ ತಿಳಿಯಿತು. ಅವನ ಸೂರ್ಯ ಮೂರು ತಿಂಗಳಿಂದ ಪಕ್ಕದ ಮನೆಯಲ್ಲಿ ಹುಟ್ಟುತ್ತಿದ್ದ.

ಔಷಧದಂಗಡಿಯಲ್ಲಿ ಆ ಬಲದ ಒಂದೇ ಬಾಟಲಿ ಉಳಿದಿತ್ತು. ಮತ್ತೆ ಬರುವುದು ಎಂಟು ದಿನಕ್ಕೆ ಎಂದರು. ಅದನ್ನು ಎದೆಗೊತ್ತಿಕೊಂಡು, ಕಣ್ಣನ್ನು ಬೆರಳಿನಿಂದ ಅಗಲಿಸಿಕೊಂಡು, ಅವನು ಸಂಜೆಗೆ ಮನೆ ಮುಟ್ಟಿದ.

"ಆದಮ್ಮಾ, ಕೇಳಿಲ್ಲಿ. ಈ ಹೊಸಾ ಬಾಟ್ಲಿ, ಇದನ್ನ ಯಾರಿಗೂ..." ಎಂದವನು ಮಾತಿನ ನಡುವೆಯೇ ಬಾಗಿಲಿಗೆ ಒರಗಿ ನಿದ್ದೆಹೋದ.

ಎಚ್ಚರವಾದಾಗ ಮೂವರು ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದರು.

"ಭಾಯಿ, ನಮ್ಮಿಂದ ನಿಂಗ ಭಾಳ ತ್ರಾಸಾತು," ಎಂದಳು ಖಾತೂನ್‌ಬೀ. "ನಮ್ಮ ಎರಡೂ ಮನಿಯಾಗ ಇದ್ದಷ್ಟೂ ಗುಳಿಗಿ ತಂದು ಇಲ್ಲೇ ಸುರುವೀವಿ. ನಮಗ ಬ್ಯಾಡ, ನೀ ಆರಾಮಾಗು."

"ನಾನೂ ನಿಮ್ಮ ಹೊಸಾ ಬಾಟ್ಲಿ ಅದ್ರಾಗ ಸುರುವಿ, ಚೊಲೋತ್ನಾಗಿ ಕಲಿಸೀನಿ," ಎಂದಳು ಆದಮ್ಮ, ತಪ್ಪು ತಿದ್ದಿಕೊಂಡ ಹೆಮ್ಮೆಯಿಂದ. "ಇನ್ಮ್ಯಾಗ ಯಾರಿಗೂ ಒಂದೂ ಕೊಡಂಗಿಲ್ಲ ನೋಡ್ರಿ!"

ಹೊಲಿಯಲು ಹಾಸಿದ್ದ ಕಡುನೀಲಿ ಬಟ್ಟೆಯ ಮೇಲೆ ನೂರಾರು ಬಿಳಿಯ ಗುಳಿಗೆಗಳು ನಕ್ಷತ್ರಗಳಂತೆ ಹರಡಿಕೊಂಡಿದ್ದವು. ತನ್ನವು ಯಾವುವೆಂದು ಹುಡುಕುತ್ತ ಗಿಡ್ಡಪ್ಪ ಆ ಆಕಾಶದ ಮೇಲೆ ಬಾಗಿದ. ಮೂರು ತಿಂಗಳಲ್ಲಿ ಮೊದಲ ಸಲ ಅವನ ನಿದ್ದೆ ಪೂರ್ತಿ ಹಾರಿಹೋಗಿತ್ತು.