ಓತಿಕ್ಯಾತದ ಪ್ರಾತ್ಯಕ್ಷಿಕೆ

"ಹಿಡಿದಿದ್ದನ್ನ ತೋರಿಸಿ, ಆಮೇಲೆ ಸಹಿ" ಎಂದರು ಹೆಡ್‌ಮಾಸ್ಟರು. ಗಾರ್ಡಿನ ಗ್ರಹಚಾರ ಕೆಟ್ಟದ್ದು ಈ ಒಂದು ಮಾತಿನಿಂದ.

ಯಾರೋ ಶೋಕಿಗೆಂದು ಹೊರದೇಶದ ಇಗ್ವಾನಾ ಎಂಬ ಹಸಿರು ಹಲ್ಲಿಗಳನ್ನು ತಂದು ಸಾಕಿ, ಗೇಣುದ್ದ ಇದ್ದವು ಮಾರುದ್ದ ಆದ ಮೇಲೆ ಗಾಬರಿಯಾಗಿ ಕಾಲೋನಿಯ ಹಿಂದಿನ ಕಾಲುವೆಗೆ ಬಿಟ್ಟು ಕೈತೊಳೆದುಕೊಂಡಿದ್ದರು. ಅವು ಮೊಟ್ಟೆಯಿಟ್ಟು, ಸಂಸಾರ ಬೆಳೆಸಿ, ಮನೆಮನೆಯ ದಾಸವಾಳವನ್ನು ಬೋಳಿಸತೊಡಗಿದವು. ಜನ ಅವಕ್ಕೆ ಫಾರಿನ್ ಓತಿಕ್ಯಾತ ಎಂದು ಹೆಸರಿಟ್ಟರು. ವನ್ಯಜೀವಿ ಇಲಾಖೆಯ ನಮ್ಮ ಗಾರ್ಡು ಕೋಲಿನ ತುದಿಗೆ ಕುಣಿಕೆ ಕಟ್ಟಿಕೊಂಡು ಮೂರು ತಿಂಗಳಲ್ಲಿ ಹನ್ನೊಂದನ್ನು ಹಿಡಿದ. ನಸುಕಿನ ತಂಪಿನಲ್ಲಿ ಆ ಪ್ರಾಣಿಗಳು ಮಂಕಾಗಿರುತ್ತವೆ, ಹಿಡಿಯುವುದು ಸುಲಭ. ಕಷ್ಟವೆಂದರೆ ಆ ಹೊತ್ತಿಗೆ ಕಾಲೋನಿಯೂ ಗೊರಕೆ ಹೊಡೆಯುತ್ತಿರುತ್ತದೆ. ಹೀಗಾಗಿ ಅವನು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಈಗ ಅವನಿಗೆ ಬೇಕಾದದ್ದು ಒಂದೇ ಕಾಗದ. 'ನಮ್ಮಲ್ಲಿ ಇನ್ನು ಓತಿಕ್ಯಾತಗಳಿಲ್ಲ, ಇಲಾಖೆಯ ಕೆಲಸ ಮುಗಿದಿದೆ' ಎಂದು ಕಾಲೋನಿಯವರು ಬರೆದುಕೊಟ್ಟರೆ, ಸಂಜೆ ಐದಕ್ಕೆ ಬರುವ ಸಾಹೇಬರು ಅವನ ಕೈಗೆ ವರ್ಗಾವಣೆ ಆದೇಶ ಕೊಡುತ್ತಾರೆ. ಹೆಂಡತಿ ನರ್ಸಾಗಿದ್ದ ಊರಿಗೆ ವರ್ಗ. ಮದುವೆಯಾದಾಗಿನಿಂದ ಅವನೊಂದು ಊರು, ಅವಳೊಂದು ಊರು. ಮೂರು ವರ್ಷದ ಮಗಳಂತೂ ಅಪ್ಪ ಫೋನಿನೊಳಗೇ ವಾಸ ಮಾಡುತ್ತಾನೆಂದು ನಂಬಿದ್ದಳು.

"ಫೋಟೋ ಇದೆಯಲ್ಲ ಮೇಷ್ಟ್ರೇ. ನಮ್ಮ ಡ್ರೈವರ್ ಸಾಕ್ಷಿ ಸಹಿನೂ ಹಾಕಿದಾನೆ."

"ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ! ನಿಮ್ಮ ಇಲಾಖೆಗೆ ನಿಮ್ಮ ಡ್ರೈವರೇ ಸಾಕ್ಷಿಯೇನ್ರೀ?" ಎಂದು ಹೆಡ್‌ಮಾಸ್ಟರು ನಕ್ಕರು. ನಿವೃತ್ತಿಯ ನಂತರ ಕಾಲೋನಿ ಸಂಘದ ಅಧ್ಯಕ್ಷರಾಗಿದ್ದ ಅವರಿಗೆ ಇಡೀ ಲೋಕವೇ ಹೋಮ್‌ವರ್ಕ್ ಮಾಡದೆ ಬಂದಂತೆ ಕಾಣುತ್ತಿತ್ತು.

"ಇವುಗಳನ್ನ ಇವರೇ ತಂದು ಬಿಡ್ತಾರಂತೆ, ಕೆಲಸ ಉಳಿಸ್ಕೊಳ್ಳೋಕೆ" ಎಂದು ಕಾಲೋನಿಗೆಲ್ಲ ಅತ್ತೆಯಾಗಿದ್ದ ಮಹಡಿ ಮನೆಯಾಕೆ ಮೇಲಿಂದಲೇ ಒಗ್ಗರಣೆ ಹಾಕಿದರು.

ಇರಲಾರದವನು ಇರುವೆ ಬಿಟ್ಟುಕೊಂಡನಂತೆ. ಗಾರ್ಡು ಇಲಾಖೆಯ ಕೇಂದ್ರಕ್ಕೆ ಓಡಿ, ಮೇಲಿನವರ ಕೈಕಾಲು ಹಿಡಿದು, ಹನ್ನೊಂದರಲ್ಲಿ ದಪ್ಪನೆಯದೊಂದನ್ನು ಪೆಟ್ಟಿಗೆಯಲ್ಲಿ ತಂದ. ಅಷ್ಟರಲ್ಲಿ ಬಿಸಿಲು ಏರಿತ್ತು, ಓತಿಕ್ಯಾತಕ್ಕೆ ಹುರುಪೂ ಏರಿತ್ತು.

ಹೆಡ್‌ಮಾಸ್ಟರು ಪೆಟ್ಟಿಗೆಯ ಕಿಂಡಿಗೆ ಕಣ್ಣಿಟ್ಟರು. "ಬಾಲ ಮಾತ್ರ ಕಾಣ್ತಿದೆ. ಬಾಲ ನೋಡಿ ಸಹಿ ಹಾಕೋಕಾಗುತ್ತೇನ್ರೀ?"

ಗಾರ್ಡು ಮುಚ್ಚಳವನ್ನು ಎರಡೇ ಬೆರಳಷ್ಟು ಎತ್ತಿದ. ಮೂರನೆಯ ಬೆರಳಿನಷ್ಟನ್ನು ಓತಿಕ್ಯಾತವೇ ಎತ್ತಿಕೊಂಡಿತು. ಹೆಡ್‌ಮಾಸ್ಟರ ಬೋಳುತಲೆಯನ್ನು ಮೆಟ್ಟಿಲು ಮಾಡಿಕೊಂಡು, ಪೈಪು ಹಿಡಿದು, ಮಹಡಿ ಸೇರಿತು.

"ಬಿಟ್ಟ! ಬಿಟ್ಟ! ನಾನು ಹೇಳ್ಲಿಲ್ವಾ!" ಅತ್ತೆಯ ಕೂಗಿಗೆ ಬೀದಿಯೆಲ್ಲ ಬಾಗಿಲು ತೆರೆಯಿತು.

ಗಾರ್ಡು ಪೈಪು ಹತ್ತಿದ. ಓತಿಕ್ಯಾತ ಒಣಹಾಕಿದ ಸೀರೆಯೊಳಗೆ ನುಗ್ಗಿತು. ಅವನು ಸೀರೆ ಹಿಡಿದ, ಸೀರೆ ಅವನನ್ನು ಹಿಡಿಯಲಿಲ್ಲ. ದೊಪ್ಪೆಂದು ಕೆಳಗಿನ ನೀರಿನ ತೊಟ್ಟಿಗೆ ಬಿದ್ದ. ಎದ್ದು ನೋಡಿದರೆ ಪ್ರಾಣಿ ಟೈಲರ್ ಅಂಗಡಿ ಹೊಕ್ಕಿತ್ತು. ಅಲ್ಲಿ ಹಸಿರು ಬಟ್ಟೆಯ ರಾಶಿಯಲ್ಲಿ ಅದನ್ನು ಹುಡುಕುತ್ತ ಗಾರ್ಡು ಬಗ್ಗಿದ್ದೇ ತಡ, ಪ್ಯಾಂಟು ಹಿಂದಿನಿಂದ ಪರ್ರೆಂದು ಹರಿಯಿತು.

"ಅಲ್ಲಾಡಬೇಡಿ ಸಾರ್" ಎಂದ ಟೈಲರ್, ಸೂಜಿಗೆ ದಾರ ಪೋಣಿಸುತ್ತ. "ನಿಂತಂಗೇ ಹೊಲಿದುಬಿಡ್ತೀನಿ. ಅಲ್ಲಾಡಿದ್ರೆ ಪ್ಯಾಂಟಿನ ಜೊತೆ ನೀವೂ ಸೇರ್ಕೋತೀರಿ."

ಮೂರು ಹೊಲಿಗೆ ಮುಗಿಯುವುದರೊಳಗೆ ಓತಿಕ್ಯಾತ ಬೀದಿ ದಾಟಿತ್ತು. ಮಧ್ಯಾಹ್ನದ ಊಟವಿಲ್ಲ, ನೀರಿಲ್ಲ. ಜನ ಮಾತ್ರ ಕುರ್ಚಿ ಹಾಕಿಕೊಂಡು ಕೂತು, "ಎಡಕ್ಕೆ, ಎಡಕ್ಕೆ!" ಎಂದು ಬಲಗೈ ತೋರಿಸುತ್ತಿದ್ದರು. ಕೊನೆಗೆ ನಾಲ್ಕೂವರೆಗೆ, ಹೆಡ್‌ಮಾಸ್ಟರ ಬಚ್ಚಲಿನಲ್ಲಿ, ಅವರದೇ ಟವೆಲ್ಲಿನಿಂದ ಗಾರ್ಡು ಅದನ್ನು ಅಮುಕಿ ಹಿಡಿದ. ಹೊರಗೆ ಬಂದಾಗ ಯಾರು ಓತಿಕ್ಯಾತ ಯಾರು ಗಾರ್ಡು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು.

"ತಪ್ಪು ನಂದೇ ಮೇಷ್ಟ್ರೇ" ಎಂದು ಅವನು ಏದುಸಿರು ಬಿಟ್ಟ. "ಮುಚ್ಚಳ ತೆಗೀಬಾರದಿತ್ತು. ಕ್ಷಮಿಸಿ."

ಕುರ್ಚಿಯಲ್ಲಿ ಕೂತವರೆಲ್ಲ ಎದ್ದು ನಿಂತರು.

"ಇನ್ನೊಂದು ಸಲ ಹೇಳಿ" ಎಂದರು ಹೆಡ್‌ಮಾಸ್ಟರು.

"ತಪ್ಪು ನಂದು."

"ಕೇಳಿದ್ರೇನ್ರೋ? ಆಫೀಸಿನೋರ ಬಾಯಲ್ಲಿ ಈ ಮಾತನ್ನ ನಲವತ್ತು ವರ್ಷದ ಸರ್ವೀಸಲ್ಲಿ ನಾನು ಕೇಳಿಲ್ಲ. ನಾನೂ ಹೇಳಿಲ್ಲ!" ಅವರು ಕೈ ಚಾಚಿದರು. "ಕೊಡಿ ಕಾಗದ!"

ಹೆಡ್‌ಮಾಸ್ಟರು ತಾವೇ ಬರೆದ ಕಾಗದ ಮನೆಯಿಂದ ಮನೆಗೆ ಓಡಿತು. ಅತ್ತೆ ಸಹಿ ಹಾಕಿದರು, ಟೈಲರ್ ಹಾಕಿದ, ಊರಿನಿಂದ ಬಂದಿದ್ದ ನೆಂಟರೂ ಹಾಕಿದರು. ಒದ್ದೆ ಬಟ್ಟೆಯಲ್ಲೇ ನಿಂತ ಗಾರ್ಡಿಗೆ ಸಂತೋಷದಿಂದ ಅಳು ಬಂತು. ರಾತ್ರಿಯ ಬಸ್ಸು ಹಿಡಿದರೆ ಮಗಳು ಏಳುವ ಹೊತ್ತಿಗೆ ಮನೆಯಲ್ಲಿರಬಹುದು.

ಐದಕ್ಕೆ ಸರಿಯಾಗಿ ಸಾಹೇಬರ ಜೀಪು ಬಂತು. ಹೆಡ್‌ಮಾಸ್ಟರು ಮುಂದೆ ಬಂದು ಕಾಗದ ಕೊಟ್ಟರು. ಸಾಹೇಬರು ಗಟ್ಟಿಯಾಗಿ ಓದಿದರು:

"'ಇಂಥ ಸತ್ಯವಂತ, ಶ್ರಮಜೀವಿ ಗಾರ್ಡನ್ನು ಯಾವ ಕಾರಣಕ್ಕೂ ನಮ್ಮ ಕಾಲೋನಿಯಿಂದ ವರ್ಗ ಮಾಡಬಾರದು. ಮಾಡಿದರೆ ಜೀಪಿಗೆ ಅಡ್ಡ ಮಲಗುತ್ತೇವೆ.'"

ಗಾರ್ಡು ಸಾಹೇಬರ ಭುಜದ ಮೇಲಿಂದ ಇಣುಕಿ ಕಾಗದವನ್ನು ತಾನೇ ಇನ್ನೊಮ್ಮೆ ಓದಿಕೊಂಡ.

"ಭೇಷ್!" ಸಾಹೇಬರು ಜೇಬಿನ ಆದೇಶವನ್ನು ತೆಗೆದು, ಎರಡಾಗಿ ಹರಿದು, ಕೈ ಕುಲುಕಿದರು. "ಜನರ ವಿಶ್ವಾಸ ಗಳಿಸಿ ಅಂತ ಎಷ್ಟು ವರ್ಷದಿಂದ ಸುತ್ತೋಲೆ ಕಳಿಸ್ತಿದ್ದೀವಿ. ಗಳಿಸಿದ ಮೊದಲನೆಯವರು ನೀವು! ನಿಮ್ಮನ್ನ ಇಲ್ಲಿಂದ ಅಲ್ಲಾಡಿಸೋ ಪ್ರಶ್ನೆಯೇ ಇಲ್ಲ."

ಗಾರ್ಡು ಹರಿದ ಎರಡು ಚೂರುಗಳನ್ನೂ ಸೆಳೆದುಕೊಂಡ. ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದವನು ಈಗ ಗಂಟಲು ಹರಿಯುವಂತೆ ಕೂಗಿದ: "ಇಲ್ಲ ಸಾರ್! ನಾನು ಮೋಸಗಾರ! ಅದನ್ನ ಬೇಕಂತಲೇ ಬಿಟ್ಟೆ! ಹನ್ನೊಂದನ್ನೂ ನಾನೇ ತಂದು ಬಿಟ್ಟಿದ್ದು!"

ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಿದ್ರಾ ಸಾಹೇಬ್ರೇ? ಮಾಡದೇ ಇರೋ ತಪ್ಪನ್ನೂ ಒಪ್ಕೋತಾರೆ!"

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಅಲ್ಲಿಯವರೆಗೆ ಅನುಮಾನದಿಂದ ಸಹಿ ಹಾಕದೆ ದೂರ ನಿಂತಿದ್ದ ನಾಲ್ಕು ಮನೆಯವರೂ ಪೆನ್ನು ಕೇಳುತ್ತ ಮುಂದೆ ಬಂದರು.