ಹಸಿರು ಕನ್ನಡಕದಲ್ಲಿ ಕಂಡ ಸಕ್ಕರೆ

ನನಗೆ ಯಾರ ಭಯವೂ ಇಲ್ಲ. ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಹದಿನೆಂಟು ವರ್ಷ ಸವೆಸಿದ ಗುಮಾಸ್ತ ನಾನು. ಗದ್ದೆಗೆ ನೀರು ಬಂದಿಲ್ಲವೆಂದು ಕೊಡಲಿ ಹಿಡಿದು ಬಂದವರನ್ನೂ ಕುರ್ಚಿ ಕೊಟ್ಟು ಕೂರಿಸಿ, ಚಹಾ ಕುಡಿಸಿ ಕಳಿಸಿದ ವೀರ! ಆದರೆ ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ.

ಎಂಬತ್ತೊಂದನೇ ಇಸವಿಯಲ್ಲಿ ನಮ್ಮ ಡಾಕ್ಟರು ಹೇಳಿದರು: "ಪುರಂದರರ, ಸಕ್ಕರಿ ಭಾಳ ಏರೈತಿ. ಹದಿನೈದು ದಿನ ಪಥ್ಯ ಮಾಡ್ರಿ. ಇಳೀಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ."

"ಸೂಜಿ ನನ್ನ ಮೈ ಮುಟ್ಟಿದ್ರ ನಾ ಪುರಂದರನ ಅಲ್ಲ!" ಎಂದು ಎದೆ ತಟ್ಟಿ ಘೋಷಿಸಿ ಬಂದೆ.

ಆಗ ಮನೆಯಲ್ಲೇ ಸಕ್ಕರೆ ನೋಡುವ ಉಪಾಯವಿತ್ತು. ಗಾಜಿನ ಕೊಳವೆಯಲ್ಲಿ ನೀಲಿ ಔಷಧ, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿಸಿದ ಮೇಲೂ ನೀಲಿಯಾಗಿ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರೇ ಚೂರು, ಹಳದಿಯಾದರೆ ಜೋಕೆ, ಇಟ್ಟಿಗೆ ಕೆಂಪಾದರೆ ಸೂಜಿ! ನನ್ನ ಹೆಂಡತಿ ಸೀತಾಬಾಯಿ ಮಹಾ ಮಡಿಯವಳು.

"ರಾಮ ರಾಮ! ಅದನ್ನ ಮನ್ಯಾಗ ಕುದಿಸ್ತೀರಾ? ಹಿತ್ತಲ ಬಚ್ಚಲಕ್ಕ ಒಯ್ಯರಿ! ಆ ಕೊಳವಿ ನನ್ನ ಕಣ್ಣಿಗೂ ಬೀಳಬಾರದು!"

ಹೀಗೆ ಪ್ರಯೋಗಾಲಯ ಬಚ್ಚಲಿಗೆ ವರ್ಗವಾಯಿತು. ಅಲ್ಲಿ ವಿಜ್ಞಾನಿಯೂ ನಾನೇ, ಸಾಕ್ಷಿಯೂ ನಾನೇ. ಎರಡು ದಿನ ಕಣ್ಣು ಮುಚ್ಚಿ ಹಾಗಲಕಾಯಿ ನುಂಗಿದೆ. ಕೊಳವೆ ಹಳದಿಯಿಂದ ಕದಲಲಿಲ್ಲ.

ಮೂರನೆಯ ದಿನ ಊರಿಗೆ ಮದ್ರಾಸ್ ಐ ಬಂತು! ಒಬ್ಬರ ಟವೆಲಿನಿಂದ ಇನ್ನೊಬ್ಬರಿಗೆ ಹಬ್ಬಿ, ಇಡೀ ಕಚೇರಿಯ ಕಣ್ಣು ಕೆಂಪಾಯಿತು. ನನ್ನ ರೆಪ್ಪೆಗಳೂ ಬೆಳಗ್ಗೆ ಅಂಟಿಕೊಂಡವು. ಕಪ್ಪು ಕನ್ನಡಕಗಳು ಖಾಲಿಯಾಗಿ, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಟಲಿ ಹಸಿರು ಗಾಜಿನವು ಎರಡೇ ಉಳಿದಿದ್ದವು. ಒಂದು ನನಗೆ, ಒಂದು ಸೀತಾಬಾಯಿಗೆ ಕೊಂಡು ತಂದೆ.

ಮರುದಿನ ಕೊಳವೆ ಕುದಿಸಿದರೆ, ಹಸಿರು! ನಿನ್ನೆಯ ಹಳದಿ ಎಲ್ಲಿ, ಇಂದಿನ ಹಸಿರು ಎಲ್ಲಿ! ಹಿಗ್ಗಿನಿಂದ ಕಚೇರಿಗೆ ಹೋದರೆ, ಕಮಲಾಪುರದಿಂದ ಬರುವ ಜವಾನ ಹಂಪಯ್ಯ ತನ್ನ ತೋಟದ ಸುಗಂಧಿ ಬಾಳೆಯ ಗೊನೆ ಬಿಚ್ಚುತ್ತಿದ್ದ.

"ನಿಮಗ ಬ್ಯಾಡಲ್ರಿ ಸಾಹೇಬ್ರ? ಸಕ್ಕರಿ ಐತಿ ಅಂತಿದ್ರಿ."

"ಯಾಕ ಬ್ಯಾಡ? ನಂದು ಹಸರದ! ಎರಡು ಕೊಡು."

ಮಾರನೆಯ ದಿನವೂ ಹಸಿರು. ಅಂದು ನಾಲ್ಕು ತಿಂದೆ. ಕಂಪ್ಲಿ ಬೆಲ್ಲದ ಹೋಳಿಗೆಗೂ ಹಸಿರು ನಿಶಾನೆ ಸಿಕ್ಕಿತು. ಎಂಟನೆಯ ದಿನ ಕೊಳವೆ ಕಪ್ಪಗೆ ಕಂಡಿತು. ಎಂಥ ದಟ್ಟ ನೀಲಿ! ಸಕ್ಕರೆ ಸೊನ್ನೆಗಿಂತಲೂ ಕೆಳಗಿಳಿದಿರಬೇಕು. ಇಷ್ಟು ಕಡಿಮೆಯಾದರೆ ಅಪಾಯವಲ್ಲವೇ? ಅಪಾಯ ತಪ್ಪಿಸಲು ಎರಡು ಲೋಟ ಕಬ್ಬಿನ ಹಾಲು ಕುಡಿದೆ.

ಅಷ್ಟರಲ್ಲಿ ಊರಿನ ಕಣ್ಣೆಲ್ಲ ವಾಸಿಯಾಗಿತ್ತು, ನನ್ನದು ಬಿಟ್ಟು.

"ನಂದು ಐದು ದಿನಕ್ಕ ಹೋತು. ನಿಮ್ಮದ್ಯಾಕ ಇನ್ನೂ ಕೆಂಪದ? ಕೊಡ ನೀರು ಒಬ್ಬರ ಕುಡೀತೀರಿ ಬ್ಯಾರೆ!" ಎಂದಳು ಸೀತಾಬಾಯಿ.

"ಬಿಸಲು ನೋಡು ಹೆಂಗದ!" ಎಂದೆ ನಾನು, ಕನ್ನಡಕ ಸರಿಪಡಿಸಿಕೊಳ್ಳುತ್ತ.

ಹದಿನೈದನೆಯ ದಿನ ಡಾಕ್ಟರ ಮುಂದೆ, ದಿನದಿನದ ಬಣ್ಣ ಬರೆದಿಟ್ಟ ನನ್ನ ನೋಟ್‌ಬುಕ್ಕನ್ನು ವಿಜಯಪತಾಕೆಯಂತೆ ಹಿಡಿದೆ. ಹಸಿರು, ಹಸಿರು, ದಟ್ಟ ನೀಲಿ! ಅವರು ನೋಟ್‌ಬುಕ್ ಬಿಟ್ಟು ನನ್ನನ್ನೇ ನೋಡಿದರು. ಅಲ್ಲೇ ಒಂದು ಕೊಳವೆ ಕುದಿಸಿದರು.

"ಈಗ ಕನ್ನಡಕ ತಗೀರಿ."

ತೆಗೆದೆ. ಕೊಳವೆಯಲ್ಲಿ ಸಂಡೂರಿನ ಗಣಿಮಣ್ಣು ಕುದಿಯುತ್ತಿತ್ತು! ಗಾಬರಿಯಿಂದ ಕನ್ನಡಕ ಹಾಕಿದೆ, ದಟ್ಟ ನೀಲಿ. ತೆಗೆದೆ, ಇಟ್ಟಿಗೆ ಕೆಂಪು. ಮತ್ತೆ ಹಾಕಿದೆ.

"ಹಾಕಿ ತಗದು ಮಾಡಿದ್ರ ಸಕ್ಕರಿ ಇಳಿಯಂಗಿಲ್ರಿ," ಎಂದರು ಡಾಕ್ಟರು. "ಅದು ಏರಿದ್ದಕ್ಕ ಕಣ್ಣು ಇನ್ನೂ ಮಾದಿಲ್ಲ. ಇನ್ನೊಂದು ವಾರ ತಡದಿದ್ರ ಜೀವಕ್ಕ ಬರ್ತಿತ್ತು."

ನಗಲು ಹೋದೆ, ಆಗಲಿಲ್ಲ. ನಿಜವಾಗಿ ಹೆದರಿಕೆಯಾಯಿತು. ತೆಪ್ಪಗೆ ತೋಳು ಚಾಚಿದೆ. ಸೂಜಿ ಮೈ ಮುಟ್ಟಿತು. ಅಂದಿನಿಂದ ನನ್ನ ಹೆಸರೇನೋ ನನಗೆ ಗೊತ್ತಿಲ್ಲ!

ಮನೆಗೆ ಬಂದು, ತೋಳು ತಿಕ್ಕಿಕೊಳ್ಳುತ್ತ ಸೀತಾಬಾಯಿಗೆ ಎಲ್ಲ ಒಪ್ಪಿಸಿದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ.

"ನನಗ ಗೊತ್ತಿತ್ತು ಬಿಡ್ರಿ."

"ಹೆಂಗ? ನೀ ಆ ಕೊಳವಿ ಕಣ್ಣಿಂದನೂ ನೋಡಿಲ್ಲಲ್ಲ!"

"ಕೊಳವಿ ಯಾಕ ನೋಡಬೇಕು? ಹತ್ತು ದಿನದಿಂದ ಬಚ್ಚಲದಾಗ ಇರುವಿ ಸಾಲು ಹಚ್ಚಿ ನಿಂತಾವ. ಹೇಳಾಕ ಬಂದ್ರ 'ಹಸರು, ಹಸರು' ಅಂತ ನನ್ನ ಬಾಯಿ ಮುಚ್ಚಿಸಿದ್ರಿ. ಪಾಪ, ಆ ಇರುವಿಗೆ ಮದ್ರಾಸ್ ಐ ಬಂದಿದ್ದಿಲ್ಲರಿ!"