ಬತ್ತದ ಟ್ಯಾಂಕು

ನೀರನ್ನು ನಂಬಬೇಡಿ ಎಂದು ಹೇಳುವ ಯೋಗ್ಯತೆ ನನಗಂತೂ ಇದೆ. ನೋಡುವುದಕ್ಕೆ ಅದು ಬಹಳ ಸಾಧು. ಆದರೆ ಪಾತ್ರೆಯಿಂದ ಲೋಟಕ್ಕೆ ನಿಧಾನವಾಗಿ, ಮರ್ಯಾದೆಯಿಂದ ಬಗ್ಗಿಸಿ ನೋಡಿ. ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗೇ ಅಂಟಿಕೊಂಡು ಇಳಿದು ನಿಮ್ಮ ಪಂಚೆಯ ಮೇಲೆ ಬೀಳುತ್ತದೆ. ಒರಟಾಗಿ ಸುರಿದರೆ ಸರಿಯಾಗಿ ಲೋಟಕ್ಕೇ ಹೋಗುತ್ತದೆ. ಟವೆಲ್ಲಿನ ಒಂದು ತುದಿ ಬಕೆಟ್ಟಿನೊಳಗೆ, ಇನ್ನೊಂದು ತುದಿ ಹೊರಗೆ ಇರುವಂತೆ ಬೆಳಿಗ್ಗೆ ಮರೆತು ಹೋದರೆ, ಸಂಜೆ ಬರುವಷ್ಟರಲ್ಲಿ ನೀರು ಟವೆಲ್ಲನ್ನೇ ಹತ್ತಿ ಇಳಿದು ಬಚ್ಚಲು ಸೇರಿರುತ್ತದೆ. ಇದಕ್ಕೆಲ್ಲ ಕಾರಣ ನನಗೆ ಗೊತ್ತು. ಕಾಮಾಕ್ಷಿಪಾಳ್ಯದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಕಾರಣ ಗೊತ್ತಿದ್ದೂ ಪಂಚೆ ಒದ್ದೆಯಾಗುವುದು ತಪ್ಪಲಿಲ್ಲ. ಹೋಗಲಿ, ಪಂಚೆ ಒಣಗುತ್ತದೆ. ಇದೇ ನೀರು ನನಗೂ ನನ್ನ ಅಣ್ಣನಿಗೂ ಮಾತು ಬಿಡಿಸಿತಲ್ಲ, ಅದು ಇನ್ನೂ ಒಣಗಿಲ್ಲ.

ಬಸವೇಶ್ವರನಗರದಲ್ಲಿ ನಮ್ಮಪ್ಪ ಕಟ್ಟಿಸಿದ ಮನೆಯನ್ನು ಅವರು ಹೋದ ಮೇಲೆ ನಾವಿಬ್ಬರೂ ಪಾಲು ಮಾಡಿಕೊಂಡೆವು. ನಡುವೆ ಗೋಡೆ ಎದ್ದಿತು. ದೇವರ ಮನೆ ನನಗೆ ಬಂತು, ದೇವರುಗಳು ಅಣ್ಣನಿಗೆ ಹೋದವು. ತೆಂಗಿನಮರದ ಕಾಯಿ ವರ್ಷ ಬಿಟ್ಟು ವರ್ಷ ಯಾರದು ಎಂಬುದನ್ನೂ ವಕೀಲರು ಪಾಲುಪತ್ರದಲ್ಲಿ ಬರೆದರು. ಸಂಪು ಬೇರೆ, ಮೋಟಾರು ಬೇರೆ. ಮಾಳಿಗೆಯ ಮೇಲೆ ಮೊದಲಿನಿಂದಲೂ ಎರಡು ಟ್ಯಾಂಕುಗಳಿದ್ದವು. ಎರಡರ ತಲೆಯೂ ಒಂದೇ ಎತ್ತರಕ್ಕಿತ್ತು. ಆದರೆ ಅಣ್ಣನದು ಗಿಡ್ಡ, ಎತ್ತರದ ಕಟ್ಟೆಯ ಮೇಲೆ ಕೂತಿತ್ತು. ನನ್ನದು ಉದ್ದ, ಬುಡ ಒಂದಡಿ ಕೆಳಗಿತ್ತು. ಇದರಲ್ಲಿ ಜಗಳವಾಡುವಂಥದ್ದು ಏನೂ ಕಾಣಲಿಲ್ಲ.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಅಣ್ಣನ ಮನೆಯಲ್ಲಿ ಎಷ್ಟು ನೀರಿದ್ದರೂ ಸಾಲದು. ಬೆಳಿಗ್ಗೆ ಅವನು ಮೋಟಾರು ಹಾಕಿ ಟ್ಯಾಂಕು ತುಂಬಿಸಿದರೆ ಮಧ್ಯಾಹ್ನಕ್ಕೆ ನಲ್ಲಿ ಬುಸ್ ಎನ್ನುತ್ತಿತ್ತು. ನನ್ನ ಟ್ಯಾಂಕು ಮಾತ್ರ ಬತ್ತುತ್ತಲೇ ಇರಲಿಲ್ಲ. ವಾರಕ್ಕೆ ಒಂದೆರಡು ಸಲ ನಾನು ಮೋಟಾರು ಹಾಕಿದರೆ ಹೆಚ್ಚು. ಇದಕ್ಕೆ ನಾನು ಕಂಡುಕೊಂಡ ಕಾರಣ ನನ್ನ ಮಿತವ್ಯಯ. ಒಂದು ಚೊಂಬಿನಲ್ಲಿ ಮುಖ ತೊಳೆಯುವ ನನ್ನ ವಿಧಾನವನ್ನು ಬಡಾವಣೆಯ ಸಭೆಯೊಂದರಲ್ಲಿ ನಿಂತು ವಿವರಿಸಿದ್ದೇನೆ. ಕೇಳಿದವರು ಚಪ್ಪಾಳೆಯನ್ನೂ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ತಟ್ಟಲಿಲ್ಲ. ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಲೇತ್ ಮೆಷಿನ್ನು ಕಲಿತು, ಸ್ವಂತ ವರ್ಕ್‌ಶಾಪು ನಡೆಸಿದವನು. ಓದಿಲ್ಲದವನಿಗೆ ನೀರಿನ ಬೆಲೆ ಹೇಗೆ ಗೊತ್ತಾಗಬೇಕು ಎಂಬುದು ನನ್ನ ಒಳಗಿನ ಅಭಿಪ್ರಾಯವಾಗಿತ್ತು. ಒಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಒಂದು ಬೇಸಿಗೆಯಲ್ಲಿ ಅವರ ಸಂಪೂ ಖಾಲಿಯಾಗಿ, ಅತ್ತಿಗೆ ಎರಡು ಕೊಡ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ನಾನು ಕೊಡ ತುಂಬಿಸಿಕೊಟ್ಟೆ. ಸುಮ್ಮನೆ ಕೊಡಲಿಲ್ಲ. "ಅತ್ತಿಗೆ, ನಲ್ಲಿ ಸ್ವಲ್ಪ ಸಣ್ಣಗೆ ಬಿಟ್ಕೊಳಿ. ಪಾತ್ರೆ ತೊಳೆದ ನೀರನ್ನ ಗಿಡಕ್ಕೆ ಹಾಕಿ. ನಾವೆಲ್ಲ ಸಂಸಾರ ಮಾಡ್ತಿಲ್ವಾ?" ಎಂದೆ.

ಅತ್ತಿಗೆ ನನ್ನ ಮುಖವನ್ನೇ ನೋಡಿದರು. ಕೊಡಗಳನ್ನು ಅಲ್ಲೇ ಬಿಟ್ಟು ಹೋದರು.

ಅಂದಿನಿಂದ ಮಾತು ನಿಂತಿತು. ಎರಡು ವರ್ಷ ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು ಕೆಮ್ಮಿದ್ದು ಮಾತ್ರ ಪರಸ್ಪರ ಕೇಳಿಸಿತು. ಹೋದ ವರ್ಷ ಅವರು ತಮ್ಮ ಭಾಗಕ್ಕೆ ಬೀಗ ಹಾಕಿ ಬ್ಯಾಡರಹಳ್ಳಿಗೆ ಹೊರಟುಹೋದರು. ಸಾಮಾನು ಟೆಂಪೋಗೆ ಏರುವಾಗ ನಾನು ಕಿಟಕಿಯ ಹಿಂದೆ ಪೇಪರ್ ಓದುತ್ತಿದ್ದೆ. ಓದುತ್ತಿರಲಿಲ್ಲ, ಹಿಡಿದುಕೊಂಡಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದವನು ಅವನು. ಎದ್ದು ಹೊರಗೆ ಹೋಗುವುದಕ್ಕೆ ನನಗೆ ಏನು ಬಂದಿತ್ತೋ ಧಾಡಿ.

ಅವರು ಹೋದ ಹತ್ತು ದಿನಕ್ಕೆ ನನ್ನ ಟ್ಯಾಂಕು ಬತ್ತತೊಡಗಿತು. ಬೆಳಿಗ್ಗೆ ತುಂಬಿಸಿದರೆ ಮಾರನೇ ಬೆಳಿಗ್ಗೆ ಅರ್ಧಕ್ಕರ್ಧ ಮಾಯ. ಅಣ್ಣನ ನೀರು ವರ್ಷಗಟ್ಟಲೆ ಮಾಯವಾದಾಗ ನನಗೆ ಕಂಡದ್ದು ಅವರ ದುಂದು. ನನ್ನದು ಹತ್ತು ದಿನ ಮಾಯವಾದಾಗ ಮಾತ್ರ ಪೈಪಿನ ಮೇಲೆ ಅನುಮಾನ ಬಂತು. ಪ್ಲಂಬರ್‌ನನ್ನು ಕರೆಸಿದೆ. ಬಸವರಾಜ ಎಂದು, ಹಾವೇರಿ ಕಡೆಯವನು. ಎರಡು ಟ್ಯಾಂಕುಗಳ ನಡುವಿನ ಗಾರೆಯನ್ನು ಮೆಲ್ಲಗೆ ಕೆತ್ತಿ ನನ್ನನ್ನು ಕರೆದ.

"ಸರ, ಇಲ್ಲಿ ನೋಡ್ರಿ. ಎರಡೂ ಟಾಕಿಗೆ ಕೆಳಗ ಒಂದ ಪೈಪ್ ಕೂಡ್ಸ್ಯಾರ. ಈ ಕಡಿ ತುಂಬಿದ್ರ ಆ ಕಡಿ ಹೋಗ್ತದ, ಆ ಕಡಿ ತುಂಬಿದ್ರ ಈ ಕಡಿ ಬರ್ತದ. ಬಾಜೂ ಮನಿ ಬಚ್ಚಲ್ದಾಗ ನಲ್ಲಿ ಸೋರಾಕತ್ತೇತಿ, ಸಪ್ಪಳ ಇಲ್ಲೀತನಕ ಕೇಳಾಕತ್ತೇತಿ, ನಿಮ್ಮ ನೀರು ಅದರಾಗ ಹೊಂಟೇತಿ."

ನಾನು ಮಾಳಿಗೆಯ ಮೇಲೆ ಹಾಗೇ ಕೂತುಬಿಟ್ಟೆ. ಅಪ್ಪ ಒಂದೇ ಮೋಟಾರಿನಲ್ಲಿ ಎರಡೂ ತುಂಬಲಿ ಎಂದು ಮಾಡಿಸಿದ ಏರ್ಪಾಡು. ಪಾಲುಪತ್ರದಲ್ಲಿ ತೆಂಗಿನಕಾಯಿ ಇತ್ತು, ಈ ಪೈಪು ಇರಲಿಲ್ಲ. ಬೆಳಿಗ್ಗೆ ಮೊದಲು ಮೋಟಾರು ಹಾಕುತ್ತಿದ್ದವನು ಅಣ್ಣ. ಅವನು ತುಂಬಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸದ್ದಿಲ್ಲದೆ ನನ್ನ ಟ್ಯಾಂಕಿಗೆ ಬರುತ್ತಿತ್ತು. ಅವನದು ಪೂರಾ ಬರಿದಾದ ಮೇಲೂ ನನ್ನದರಲ್ಲಿ ಒಂದಡಿ ಉಳಿಯುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಬೇರೆ ಬೇರೆ ಆಕಾರದ ಗಾಜಿನ ನಳಿಕೆಗಳನ್ನು ಬುಡದಲ್ಲಿ ಕೂಡಿಸಿದ ಒಂದು ಉಪಕರಣವಿರುತ್ತದೆ. ಒಂದಕ್ಕೆ ನೀರು ಹಾಕಿದರೆ ಎಲ್ಲದರಲ್ಲೂ ಒಂದೇ ಮಟ್ಟಕ್ಕೆ ಏರುತ್ತದೆ. ಮೂವತ್ತು ವರ್ಷ, ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ನಾನದನ್ನು ತೋರಿಸಿದ್ದೇನೆ. ಉತ್ತರ ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಷ್ಟು ವರ್ಷ ಅಣ್ಣನ ನೀರು ಕುಡಿದು, ಅದರಲ್ಲೇ ಎರಡು ಕೊಡ ಅತ್ತಿಗೆಗೆ ದಾನ ಕೊಡಲು ಹೋಗಿ, ಮೇಲೆ ಉಪದೇಶ ಬೇರೆ ಮಾಡಿದ್ದೆ.

ಮರುದಿನವೇ ಮಾಗಡಿ ರಸ್ತೆಯ ಬಸ್ಸು ಹಿಡಿದು ಬ್ಯಾಡರಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಪಾಠದಂತೆ ಜೋಡಿಸಿಕೊಂಡೆ. ಬಾಗಿಲು ತೆಗೆದ ಅಣ್ಣ, "ಬಾ, ಕೂತ್ಕೋ" ಎಂದ. ಅಷ್ಟೇ. ಅತ್ತಿಗೆ ಒಂದು ಲೋಟ ನೀರು ತಂದಿಟ್ಟರು. ಅದನ್ನು ಕುಡಿಯುವ ಧೈರ್ಯವಾಗಲಿಲ್ಲ. ಪೈಪಿನ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಣ್ಣನ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

"ಆ ಪೈಪ್ ಹಾಕಿದ್ದು ನಾನೇ ಕಣೋ. ಅಪ್ಪ ಹೇಳಿದ್ರು, ವರ್ಕ್‌ಶಾಪಿಂದ ತಂದು ಹಾಕ್ದೆ."

"ಮತ್ತೆ ಯಾಕಣ್ಣ ಒಂದು ಮಾತು ಹೇಳ್ಲಿಲ್ಲ?"

"ಹೇಳೋದೇನು? ನೀನು ಸೈನ್ಸ್ ಮೇಷ್ಟ್ರು. ಗೊತ್ತಿದ್ದೇ ಸುಮ್ನಿದೀಯ ಅಂದ್ಕೊಂಡೆ. ಪೈಪ್ ಮುಚ್ಚಿದ್ರೆ ತಮ್ಮನ್ನ ಕಳ್ಳ ಅಂದಂಗಾಗುತ್ತೆ. ಒಂದಿನ ನೀನೇ ಬಂದು ಹೇಳ್ತೀಯ ಅಂತ ಕಾದೆ. ಆಮೇಲೆ ನೀನು ಇವಳಿಗೆ ನಲ್ಲಿ ಸಣ್ಣಗೆ ಬಿಡಿ ಅಂದೆ ನೋಡು, ಅಲ್ಲಿಗೆ ಸಾಕು ಅನ್ನಿಸ್ತು."

"ಇಲ್ಲಣ್ಣ, ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೋರು ನೀವು" ಎಂದರು ಅತ್ತಿಗೆ, ನೆಲ ನೋಡುತ್ತಾ.

ಯಾರಾದರೂ ನನ್ನನ್ನು ಪೆದ್ದ ಎಂದರೆ ವಾರಗಟ್ಟಲೆ ಊಟ ಸೇರದ ಮನುಷ್ಯ ನಾನು. ಅವತ್ತು ಕೈ ಮುಗಿಯುವುದೊಂದು ಬಾಕಿ. ನಾನು ಪೆದ್ದ ಕಣಣ್ಣ, ಪುಸ್ತಕ ಬಿಟ್ಟರೆ ನನಗೆ ಏನೂ ತಿಳಿಯುವುದಿಲ್ಲ, ಮಾಳಿಗೆ ಹತ್ತಿ ನೋಡುವಷ್ಟು ಬುದ್ಧಿಯೂ ಇರಲಿಲ್ಲ ಎಂದು ಬೇಡಿಕೊಂಡೆ. ಕಣ್ಣಲ್ಲಿ ನೀರೂ ಬಂತು.

ಅಣ್ಣ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟ. "ಛೆ, ಹಾಗೆಲ್ಲ ಅನ್ಕೋಬೇಡ" ಎಂದ. "ನೀನು ಎಷ್ಟು ಬುದ್ಧಿವಂತ ಅಂತ ನನಗೆ ಗೊತ್ತಿಲ್ವೇನೋ."